ವಿದ್ಯಾರ್ಥಿಗಳಿಗೆ ಆ ಮೂಲೆಯನ್ನೇ ಕೇಳಿ

ಪ್ರಶ್ನೆ: ಮೇಡಂ, ನಾನು ಹುಬ್ಬಳ್ಳಿಯವನು. ಅಮೆರಿಕದ ಒಂದು ರಾಜ್ಯ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಓದುತ್ತಿದ್ದೇನೆ. ವಿದ್ಯಾರ್ಥಿ ಸಂಘದ ಪರವಾಗಿ ಇಲ್ಲಿನ ಕ್ರೀಡಾಂಗಣ ಸಮಿತಿಯಲ್ಲಿದ್ದೇನೆ. ಫುಟ್‌ಬಾಲ್ ಪಂದ್ಯಗಳಿಗೆ ನಮ್ಮ ಸೀಟುಗಳು ಈಗ ಮೈದಾನದ ಉದ್ದದ ಬದಿಯಲ್ಲಿ, ಮಧ್ಯಗೆರೆಯ ಆಸುಪಾಸಿನಲ್ಲಿವೆ. ಅವನ್ನು ಗೋಲ್ ಕಂಬದ ಹಿಂದಿನ ಗ್ಯಾಲರಿಗೆ ಸ್ಥಳಾಂತರಿಸುವ ಪ್ರಸ್ತಾಪ ಬಂದಿದೆ. ಇಲ್ಲಿಯ ಗೆಳೆಯರು ಕೊನೆಯವರೆಗೂ ವಿರೋಧಿಸಬೇಕು ಎನ್ನುತ್ತಾರೆ. ನನಗೆ ಈ ಆಟ ಪರಿಚಯವಾಗಿ ಎರಡೇ ವರ್ಷವಾಯಿತು. ನಿಜಕ್ಕೂ ವಿದ್ಯಾರ್ಥಿಗಳು ಎಲ್ಲಿ ಕುಳಿತರೆ ಒಳ್ಳೆಯದು? ಸಮಿತಿಯಲ್ಲಿ ನಾನು ಏನು ಹೇಳಲಿ?

ಉತ್ತರ: ಸ್ಥಳಾಂತರವನ್ನು ಪೂರ್ತಿಯಾಗಿ ವಿರೋಧಿಸಬೇಡಿ. ಹಾಗೆಂದು ಅವರು ತೋರಿಸುತ್ತಿರುವ ಜಾಗಕ್ಕೆ ಇದ್ದಂತೆಯೇ ಸಹಿ ಹಾಕಲೂ ಬೇಡಿ. ಗೋಲ್ ಕಂಬದ ಹಿಂದಿನಿಂದ ಶುರುವಾಗಿ, ಮೂಲೆಯನ್ನು ಬಳಸಿಕೊಂಡು, ಉದ್ದದ ಬದಿಯಲ್ಲಿ 20 ಯಾರ್ಡ್ ಗೆರೆಯವರೆಗೆ (ಗೋಲ್ ಗೆರೆಯಿಂದ 20 ಯಾರ್ಡ್ ದೂರದವರೆಗೆ) ಬರುವ ಒಂದೇ ಗುಂಪನ್ನು ಕೇಳಿ. ಅದು ಕೆಳಗಿನ ಮೊದಲ ಸಾಲಿನಿಂದಲೇ ಆರಂಭವಾಗಬೇಕು, ನಡುವೆ ಎಲ್ಲಿಯೂ ತುಂಡಾಗಬಾರದು, ಪತ್ರಕರ್ತರು ಕೂರುವ ಪ್ರೆಸ್ ಬಾಕ್ಸ್‌ನ ಎದುರು ಬದಿಯ ಮೂಲೆಯಲ್ಲಿರಬೇಕು. ಕ್ರೀಡಾಂಗಣಗಳ ಗ್ಯಾಲರಿ ವಿನ್ಯಾಸದಲ್ಲಿ 20 ವರ್ಷ ಕೆಲಸ ಮಾಡಿದ ಮೇಲೆ ನಾನು ಹೇಳುವ ಮಾತು ಇದು: ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ, ಮಧ್ಯಗೆರೆಯೂ ಇದಕ್ಕೆ ಸಮನಲ್ಲ. ಏಕೆಂದು ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಸಮಿತಿಯಲ್ಲಿ ನಿಮಗೆ ಕಾರಣಗಳು ಬೇಕಾಗುತ್ತವೆ.

ಊರಿನಲ್ಲಿ ಕುಳಿತು ಇದನ್ನು ಓದುವವರಿಗೆ ಮೊದಲು ಒಂದೆರಡು ಮಾತು. ಇಲ್ಲಿಯ ಫುಟ್‌ಬಾಲ್ ಎಂದರೆ ಚೆಂಡನ್ನು ಹಿಡಿದು ಓಡಿ, ಎಸೆದು ಎದುರಾಳಿಯ ಗೋಲ್ ಗೆರೆ ದಾಟಿಸುವ ಆಟ. ಮೈದಾನ ಗೋಲ್ ಗೆರೆಯಿಂದ ಗೋಲ್ ಗೆರೆಗೆ 100 ಯಾರ್ಡ್. ಎರಡೂ ತುದಿಗಳಲ್ಲಿ 10 ಯಾರ್ಡ್ ಆಳದ ಎಂಡ್ ಝೋನ್ ಇರುತ್ತದೆ. ಒಟ್ಟು ಸುಮಾರು 110 ಮೀಟರ್ ಉದ್ದ, 49 ಮೀಟರ್ ಅಗಲ. 1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ಹುಡುಗರು ಆಡಿದ ಪಂದ್ಯದಿಂದ ಕಾಲೇಜು ಫುಟ್‌ಬಾಲ್‌ನ ಲೆಕ್ಕ ಶುರುವಾಗುತ್ತದೆ. ಈಗ ಮಿಶಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ 1,07,601 ಜನ ಕೂರುತ್ತಾರೆ. ಅದು ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣ ಹಿಡಿಸುವ ಜನರ ಹತ್ತಿರಹತ್ತಿರ ಮೂರರಷ್ಟು. ಓಹಾಯೋ ಸ್ಟೇಟ್, ಪೆನ್ ಸ್ಟೇಟ್, ಟೆಕ್ಸಾಸ್ ಎ ಆ್ಯಂಡ್ ಎಂ ಕ್ರೀಡಾಂಗಣಗಳೂ ಒಂದು ಲಕ್ಷ ದಾಟುತ್ತವೆ. ಅಷ್ಟು ಜನರ ನಡುವೆ, ಆಟ ಯಾರ ಹೆಸರಿನಲ್ಲಿ ನಡೆಯುತ್ತದೆಯೋ ಆ ವಿದ್ಯಾರ್ಥಿಗಳು ಎಲ್ಲಿರಬೇಕು ಎಂಬುದು ವರ್ಷವರ್ಷವೂ ಏಳುವ ಜಗಳ.

ಜಗಳದ ಬೇರು ಹಣದಲ್ಲಿದೆ. ಅದನ್ನು ಮುಚ್ಚಿಟ್ಟು ಮಾತಾಡಿದರೆ ಸಮಿತಿಯಲ್ಲಿ ದಾರಿ ಸಾಗುವುದಿಲ್ಲ. ಮಧ್ಯಗೆರೆಯ ಸೀಟಿಗೆ ಟಿಕೆಟಿನ ಬೆಲೆಯ ಜೊತೆಗೆ ವರ್ಷಕ್ಕೊಮ್ಮೆ ಕ್ರೀಡಾ ನಿಧಿಗೆ ‘ದೇಣಿಗೆ’ಯನ್ನೂ ಕೊಡಬೇಕು. 1988ರ ಒಂದು ಕಾನೂನಿನಂತೆ ಆ ದೇಣಿಗೆಯ 80 ಶೇಕಡಾ ಭಾಗಕ್ಕೆ ತೆರಿಗೆ ವಿನಾಯಿತಿ ಇತ್ತು. ಶ್ರೀಮಂತ ಹಳೆಯ ವಿದ್ಯಾರ್ಥಿಗಳು ಮಧ್ಯದ ಸೀಟುಗಳನ್ನು ಹಿಡಿದುಕೊಳ್ಳಲು ಆ ವಿನಾಯಿತಿ ದೊಡ್ಡ ಆಸರೆಯಾಗಿತ್ತು. 2017ರ ಕೊನೆಯಲ್ಲಿ ಬಂದ ತೆರಿಗೆ ಕಾನೂನು ಅದನ್ನು ತೆಗೆದುಹಾಕಿತು. ಆದರೂ ಹಣದ ಹಸಿವು ಕಡಿಮೆಯಾಗಲಿಲ್ಲ, ಹೆಚ್ಚಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ, ಆಟಗಾರರು ಹೂಡಿದ್ದ ಹೌಸ್ ಪ್ರಕರಣದ ರಾಜಿಯ ಪ್ರಕಾರ ವಿಶ್ವವಿದ್ಯಾಲಯಗಳು ತಮ್ಮ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷದ ಮಿತಿಯೇ ಒಂದೊಂದು ವಿಶ್ವವಿದ್ಯಾಲಯಕ್ಕೆ ಸುಮಾರು 2.05 ಕೋಟಿ ಡಾಲರ್. ಆಟಗಾರರಿಗೆ ಅವರ ಪಾಲು ಸಿಗಬೇಕಾದದ್ದು ನ್ಯಾಯವೇ. ನಾನು ಅದನ್ನು ಮನಸಾರೆ ಒಪ್ಪುತ್ತೇನೆ. ಆದರೆ ಆ ಹಣ ಹೊಂದಿಸಲು ಕ್ರೀಡಾ ವಿಭಾಗ ಮೊದಲು ನೋಡುವುದು ರಿಯಾಯಿತಿ ದರದಲ್ಲಿ ಮಧ್ಯಗೆರೆಯಲ್ಲಿ ಕುಳಿತಿರುವ ನಿಮ್ಮನ್ನು. ಸಿಯಾಟಲ್‌ನ ಹಸ್ಕಿ ಸ್ಟೇಡಿಯಂ 2013ರಲ್ಲಿ ಹೊಸದಾಗಿ ತೆರೆದಾಗ ವಾಷಿಂಗ್ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಉದ್ದದ ಬದಿಯನ್ನು ಬಿಟ್ಟು ಪಶ್ಚಿಮದ ಎಂಡ್ ಝೋನ್‌ಗೆ ಹೋಗಬೇಕಾಯಿತು. ಪೆನ್ ಸ್ಟೇಟ್‌ನಲ್ಲಿ 2011ರಲ್ಲಿ ಎಲ್ಲ ವಿದ್ಯಾರ್ಥಿಗಳನ್ನೂ ದಕ್ಷಿಣದ ಎಂಡ್ ಝೋನ್‌ಗೆ ಒಟ್ಟುಗೂಡಿಸಿದರು. ನಿಮ್ಮಲ್ಲಿಗೆ ಬಂದ ಪ್ರಸ್ತಾಪ ಹೊಸದೇನಲ್ಲ.

ಆದರೆ ಪೆನ್ ಸ್ಟೇಟ್‌ನ ಕಥೆಯಲ್ಲಿ ನಿಮಗೆ ಉಪಯೋಗಕ್ಕೆ ಬರುವ ಇನ್ನೊಂದು ಎಳೆ ಇದೆ: ಸದ್ದು.

ಈ ಆಟದಲ್ಲಿ ಪ್ರೇಕ್ಷಕರ ಕೂಗು ಅಲಂಕಾರಕ್ಕಲ್ಲ, ಅದು ಆಟದ ಒಳಗೇ ಕೈ ಹಾಕುತ್ತದೆ. ಪ್ರತಿ ಸಲವೂ ಚೆಂಡು ಚಲಿಸುವ ಮೊದಲು ದಾಳಿಯನ್ನು ಮುನ್ನಡೆಸುವ ಆಟಗಾರ, ಅಂದರೆ ಕ್ವಾರ್ಟರ್‌ಬ್ಯಾಕ್, ತನ್ನ 10 ಮಂದಿ ಜೊತೆಗಾರರಿಗೆ ಕೂಗಿ ಹೇಳಬೇಕು: ಯಾವ ತಂತ್ರ, ಯಾವ ಎಣಿಕೆಗೆ ಚೆಂಡು ಹಿಂದೆ ಬರುತ್ತದೆ, ಎದುರಾಳಿ ಹೇಗೆ ನಿಂತಿದ್ದಾನೆ. ಆ ಮಾತು ಕೇಳಿಸದೆ ಒಬ್ಬನೇ ಒಬ್ಬ ಮುಂಚೂಣಿಯ ಆಟಗಾರ ಒಂದು ಕ್ಷಣ ಮೊದಲೇ ಕದಲಿದರೂ 5 ಯಾರ್ಡ್ ದಂಡ. ಅದಕ್ಕಾಗಿಯೇ ಎದುರಾಳಿಯ ಕೈಯಲ್ಲಿ ಚೆಂಡಿದ್ದಾಗ ಇಡೀ ಕ್ರೀಡಾಂಗಣ ಬೊಬ್ಬೆ ಹಾಕುತ್ತದೆ. ತಮ್ಮ ತಂಡದ ಸರದಿ ಬಂದಾಗ ದೇವಸ್ಥಾನದ ಗರ್ಭಗುಡಿಯ ಮುಂದೆ ನಿಂತ ಹಾಗೆ ತೆಪ್ಪಗಾಗುತ್ತದೆ. ಪೆನ್ ಸ್ಟೇಟ್‌ನ ಧ್ವನಿವಿಜ್ಞಾನದ ಸಂಶೋಧಕರು ತಮ್ಮ ಬೀವರ್ ಸ್ಟೇಡಿಯಂನಲ್ಲಿ ಇದನ್ನು ಅಳೆದರು. ತಮ್ಮ ತಂಡದ ಬಳಿ ಚೆಂಡಿದ್ದಾಗ ಸದ್ದು 75 ಡೆಸಿಬಲ್ ಆಸುಪಾಸು, ಎದುರಾಳಿಯ ಬಳಿ ಇದ್ದಾಗ 110ರ ಆಸುಪಾಸು. ಡೆಸಿಬಲ್ ಲೆಕ್ಕದಲ್ಲಿ 35ರ ಅಂತರ ಎಂದರೆ ಧ್ವನಿಯ ಶಕ್ತಿಯಲ್ಲಿ ಮೂರು ಸಾವಿರ ಪಟ್ಟಿಗಿಂತ ಹೆಚ್ಚು. ವಿದ್ಯಾರ್ಥಿಗಳನ್ನು ಒಂದು ತುದಿಗೆ ಒಟ್ಟುಗೂಡಿಸಿದರೆ ಎದುರಾಳಿಗೆ ತೊಂದರೆ ಇನ್ನೂ ಹೆಚ್ಚುತ್ತದೆ ಎಂಬ ಸಲಹೆಯೂ ಅದೇ ಅಳತೆಯಿಂದ ಬಂದಿತ್ತು.

ಇಲ್ಲಿ ನನ್ನ ವೃತ್ತಿಯ ಒಂದು ಸಣ್ಣ ಲೆಕ್ಕವನ್ನು ನಿಮ್ಮ ಕೈಗೆ ಕೊಡುತ್ತೇನೆ. ಕೂಗುವವರ ಸಂಖ್ಯೆಯನ್ನು ಎರಡು ಪಟ್ಟು ಮಾಡಿದರೆ ಸದ್ದು ಹೆಚ್ಚುವುದು ಕೇವಲ 3 ಡೆಸಿಬಲ್. ಒಬ್ಬ ಕೂಗುಗಾರನ ದೂರವನ್ನು ಅರ್ಧಕ್ಕೆ ಇಳಿಸಿದರೆ ಹೆಚ್ಚುವುದು 6 ಡೆಸಿಬಲ್. ದೊಡ್ಡ ಗುಂಪಿಗೆ ಈ ಎರಡನೆಯ ಅಂಕಿ ಸ್ವಲ್ಪ ಕಡಿಮೆಯಾಗುತ್ತದೆ, ಆದರೂ ದಿಕ್ಕು ಬದಲಾಗುವುದಿಲ್ಲ. ಮೇಲಂತಸ್ತಿನಲ್ಲಿ 10,000 ಸೀಟು ಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ, ಮೈದಾನದ ಅಂಚಿನಲ್ಲಿ 5,000 ಸಾಕು ಎಂದು ನೀವು ಧೈರ್ಯವಾಗಿ ಹೇಳಬಹುದು.

ಈಗ ಮೂಲೆಯ ವಿಷಯ. ಮಧ್ಯಗೆರೆಯ ಪಕ್ಕದಲ್ಲಿ ಕುಳಿತವನಿಗೆ ಮೈದಾನದ ನಟ್ಟನಡು 25 ಮೀಟರ್ ಮತ್ತು ಗ್ಯಾಲರಿಯ ಮುಂದಿನ ಖಾಲಿ ಜಾಗದಷ್ಟು ದೂರ. ಎಂಡ್ ಝೋನ್‌ನ ಹಿಂದೆ ಕುಳಿತವನಿಗೆ ಅದೇ ನಟ್ಟನಡು 55 ಮೀಟರಿಗೂ ಆಚೆ. ಆದರೆ ಗೋಲ್ ಗೆರೆ ಅವನಿಗೆ ಹತ್ತು ಹದಿನೈದು ಮೀಟರ್ ಅಷ್ಟೇ. ಪಂದ್ಯ ನಿರ್ಧಾರವಾಗುವುದು ಹೆಚ್ಚಾಗಿ ಆ ಗೆರೆಯ ಸುತ್ತಮುತ್ತ. ಎದುರಾಳಿ ನಿಮ್ಮತ್ತ ಏರಿ ಬಂದು ಕೊನೆಯ 5 ಯಾರ್ಡ್‌ಗೆ ತಿಣುಕುತ್ತಿರುವಾಗ ಅವನ ಮುಖದೆದುರಿಗೆ ನೀವಿರುತ್ತೀರಿ. ಅವನು ತನ್ನದೇ ಗೋಲ್ ಗೆರೆಯ ಬುಡದಲ್ಲಿ ಸಿಕ್ಕಿಬಿದ್ದಾಗ ಅವನ ಬೆನ್ನಿಗೇ ನೀವಿರುತ್ತೀರಿ. ಅಲ್ಲಿ ಅವನು ತನ್ನ ಎಂಡ್ ಝೋನ್‌ನೊಳಗೇ ನೆಲಕ್ಕುರುಳಿದರೆ ನಿಮ್ಮ ತಂಡಕ್ಕೆ 2 ಅಂಕ. ಆಟದ ನಾಲ್ಕು ಭಾಗಗಳಲ್ಲಿ ಒಂದೊಂದು, ಅಂದರೆ ಒಂದೊಂದು ಕ್ವಾರ್ಟರ್, ಮುಗಿದಂತೆ ತಂಡಗಳು ದಿಕ್ಕು ಬದಲಿಸುವುದರಿಂದ ಎರಡೂ ಬಗೆಯ ಗಳಿಗೆಗಳು ನಿಮ್ಮ ಮುಂದೆ ಬರುತ್ತವೆ. ವಿದ್ಯಾರ್ಥಿಗಳು ಒಂದೇ ತುದಿಯಲ್ಲಿದ್ದರೆ ನಾಣ್ಯ ಚಿಮ್ಮುವಾಗ ನಾಲ್ಕನೇ ಕ್ವಾರ್ಟರ್‌ನಲ್ಲಿ ಯಾವ ತುದಿ ಯಾರಿಗೆ ಎಂದು ಯೋಚಿಸಲು ತರಬೇತುದಾರರಿಗೂ ಒಂದು ಕಾರಣ ಸಿಗುತ್ತದೆ. ಇನ್ನು ಮೂಲೆ ಬಳಸಿ ಉದ್ದದ ಬದಿಗೆ ತಿರುಗಿದ ಸಾಲುಗಳು 20, 30 ಯಾರ್ಡ್ ಗೆರೆಯ ಆಟವನ್ನೂ ತಟ್ಟುತ್ತವೆ. ಬರಿಯ ಎಂಡ್ ಝೋನ್‌ಗಿಂತ ಮೂಲೆಯನ್ನು ಕೇಳಿ ಎನ್ನುವುದು ಇದಕ್ಕೇ.

2024ರಿಂದ ಮೇಲ್ದರ್ಜೆಯ ಕಾಲೇಜು ತಂಡಗಳಲ್ಲಿ ಒಬ್ಬ ಆಟಗಾರನ ಹೆಲ್ಮೆಟ್ಟಿನೊಳಗೆ ತರಬೇತುದಾರರ ಮಾತು ಕೇಳಿಸುವ ವ್ಯವಸ್ಥೆಗೆ ಅನುಮತಿ ಇದೆ. ಹಾಗಾದರೆ ಕೂಗಿಗೆ ಇನ್ನು ಬೆಲೆ ಏನು ಎಂದು ಸಮಿತಿಯಲ್ಲಿ ಯಾರಾದರೂ ಕೇಳಬಹುದು. ಆ ಮಾತು ಹೋಗುವುದು ಒಬ್ಬನ ಕಿವಿಗೆ ಮಾತ್ರ. ಪ್ರತಿ ಸಲ ಚೆಂಡು ಆಡಿಸಲು ಕೊಡುವ ಸಮಯದ ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಅದೂ ಕಡಿದುಹೋಗುತ್ತದೆ. ಉಳಿದ 10 ಮಂದಿಗೆ ಅವನು ಬಾಯಿಬಿಟ್ಟೇ ಹೇಳಬೇಕು ಅಥವಾ ಸನ್ನೆ ಮಾಡಬೇಕು.

ಸರಿ, ಕೂಗುವುದಕ್ಕೆ ಮೂಲೆ ಒಳ್ಳೆಯದು. ಆದರೆ ನೋಡುವುದಕ್ಕೆ? ನಿಮ್ಮ ಗೆಳೆಯರ ನಿಜವಾದ ಸಂಕಟ ಇದೇ ಇರಬೇಕು. ಅವರ ಮಾತಿನಲ್ಲಿ ಹುರುಳಿದೆ. ಎಂಡ್ ಝೋನ್‌ನಿಂದ ನೋಡುವಾಗ ಚೆಂಡು ಎಷ್ಟು ಯಾರ್ಡ್ ಮುಂದೆ ಹೋಯಿತು ಎಂದು ಅಂದಾಜು ಸಿಗುವುದಿಲ್ಲ, ದೂರದ ತುದಿಯ ಆಟಕ್ಕೆ ದೊಡ್ಡ ಪರದೆಯನ್ನೇ ನೋಡಬೇಕಾಗುತ್ತದೆ. ಆದರೆ ಉದ್ದದ ಬದಿಯಿಂದ ಕಾಣದ್ದು ಇಲ್ಲಿ ಕಾಣುತ್ತದೆ. ಮುಂಚೂಣಿಯ ಆಳುಗಳು ಹೇಗೆ ಒತ್ತುತ್ತಾರೆ, ಅವರ ನಡುವೆ ಸಂದು ಎಲ್ಲಿ ತೆರೆಯಿತು, ಓಡುವವನು ಅದನ್ನು ಕಂಡು ಹೇಗೆ ತಿರುಗಿದ ಎಂಬುದು ಹಿಂದಿನಿಂದ ಅಥವಾ ಎದುರಿನಿಂದ ನೋಡಿದರೆ ಮಾತ್ರ ಬಿಡಿಬಿಡಿಯಾಗಿ ತಿಳಿಯುವುದು. ತರಬೇತುದಾರರು ತಮ್ಮ ಅಧ್ಯಯನಕ್ಕೆ ಬದಿಯಿಂದ ಒಂದು, ಎಂಡ್ ಝೋನ್‌ನ ಹಿಂದಿನಿಂದ ಇನ್ನೊಂದು ಎಂದು ಎರಡು ಕೋನಗಳ ಚಿತ್ರೀಕರಣವನ್ನು ಇಟ್ಟುಕೊಳ್ಳುವುದು ಇದೇ ಕಾರಣಕ್ಕೆ. ಕರಾವಳಿಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕಂಬಳದ ಗದ್ದೆಯ ಉದ್ದಕ್ಕೂ ಜನ ನಿಂತಿರುತ್ತಾರೆ, ಆದರೆ ಕೋಣಗಳು ನೀರು ಚಿಮ್ಮಿಸುತ್ತ ಎದುರಿಗೇ ನುಗ್ಗಿ ಬರುವುದನ್ನು ನೋಡಬೇಕೆನ್ನುವವರು ಮಂಜೊಟ್ಟಿಯ ಬಳಿಗೇ ಹೋಗುತ್ತಾರೆ. ಓಟ ಮುಗಿಯುವುದು ಅಲ್ಲಿ.

ಉದ್ದದ ಬದಿಯ ಕೆಳಸಾಲುಗಳಿಗೆ ಇನ್ನೊಂದು ಕುಂದಿದೆ. ಅದನ್ನು ಟಿಕೆಟ್ ಮಾರುವವರು ಹೇಳುವುದಿಲ್ಲ. ಮೈದಾನದ ಮಧ್ಯಭಾಗದ ಅಂಚಿನಲ್ಲಿ ಆಟಗಾರರು, ತರಬೇತುದಾರರು, ವೈದ್ಯರು ಸೇರಿ ಒಂದು ನೂರಕ್ಕೂ ಹೆಚ್ಚು ಜನ ನಿಂತಿರುತ್ತಾರೆ. ಮೊದಲ ಹತ್ತು ಸಾಲಿನವರಿಗೆ ಆಟಕ್ಕಿಂತ ಅವರ ಬೆನ್ನುಗಳೇ ಹೆಚ್ಚು ಕಾಣುತ್ತವೆ. ಮೂಲೆಯಲ್ಲಿ ಈ ತಡೆಗೋಡೆ ಇಲ್ಲ.

ನನ್ನ ಮೊದಲ ಪಂದ್ಯದ ನೆನಪು ಇಲ್ಲಿ ಹೇಳಲೇಬೇಕು. ಮೈಸೂರಿನಿಂದ ಬಂದ ಮೊದಲ ಶರತ್ಕಾಲ ಅದು. ಹೊರದೇಶದ ವಿದ್ಯಾರ್ಥಿಗಳಿಗೆಂದು ಉಳಿಕೆ ಟಿಕೆಟ್ ಕೊಟ್ಟಿದ್ದರು, ಮೇಲಂತಸ್ತಿನ ತೀರಾ ಹಿಂದಿನ ಸಾಲು. ಅಕ್ಕಪಕ್ಕ ಯಾರೂ ವಿದ್ಯಾರ್ಥಿಗಳಿರಲಿಲ್ಲ. ಕೆಳಗೆ ಇರುವೆಗಳಂತೆ ಯಾರೋ ಓಡುತ್ತಿದ್ದರು, ದೂರದಲ್ಲೆಲ್ಲೋ ಜನ ಕೂಗುತ್ತಿದ್ದರು. ಅರ್ಧ ಆಟಕ್ಕೇ ಎದ್ದು ಹೋದೆ. ಈ ಊರು ನನ್ನದಲ್ಲ ಎಂಬ ಭಾವನೆ ಆ ಸಂಜೆ ಗಟ್ಟಿಯಾಯಿತು. ಮರುವರ್ಷ ಪ್ರಯೋಗಾಲಯದ ಗೆಳತಿ ತನ್ನ ಜೊತೆ ಬ್ಯಾಂಡ್‌ನ ಪಕ್ಕದ ಮೂಲೆಗೆ ಕರೆದುಕೊಂಡು ಹೋದಳು. ಎಡಗಡೆಯವನು ನಿಯಮ ಹೇಳಿಕೊಟ್ಟ, ಬಲಗಡೆಯವಳು ಹಾಡು ಹೇಳಿಕೊಟ್ಟಳು. ಮೂರನೇ ಕ್ವಾರ್ಟರ್ ಹೊತ್ತಿಗೆ ಯಾವಾಗ ಕೂಗಬೇಕು, ಯಾವಾಗ ಸುಮ್ಮನಿರಬೇಕು ಎಂದು ನನಗೇ ತಿಳಿಯುತ್ತಿತ್ತು. ತೇರನ್ನು ಮಾಳಿಗೆಯ ಮೇಲಿನಿಂದ ನೋಡುವುದಕ್ಕೂ ಹಗ್ಗಕ್ಕೆ ಕೈ ಹಚ್ಚುವುದಕ್ಕೂ ಇರುವ ವ್ಯತ್ಯಾಸ ಅದು. ನಾನು ಈ ವೃತ್ತಿಗೆ ಬರಲು ಆ ಎರಡು ಸಂಜೆಗಳೇ ಕಾರಣ. ಆದ್ದರಿಂದ ನಿಮ್ಮ ಸಮಿತಿಯಲ್ಲಿ ಒಂದು ಮಾತನ್ನು ಬಿಡದೆ ಹಿಡಿಯಿರಿ: ವಿದ್ಯಾರ್ಥಿಗಳನ್ನು ಒಡೆಯಬೇಡಿ. ಕೆಳಗೆ 4,000, ಮೇಲೆ 3,000, ಆಚೆ ತುದಿಯಲ್ಲಿ 2,000 ಎಂದು ಹಂಚಿದರೆ ಹೊಸದಾಗಿ ಬಂದವರೂ ಹೊರದೇಶದವರೂ ಸೇರುವುದು ಯಾವಾಗಲೂ ಮೇಲಿನ 3,000ಕ್ಕೆ.

ಬ್ಯಾಂಡ್ ಈ ಗುಂಪಿನ ಜೊತೆಗೇ ಇರಬೇಕು. ಎದುರಾಳಿ ಚೆಂಡು ಆಡಲು ಸಿದ್ಧನಾಗುವಾಗ ಬ್ಯಾಂಡ್ ಅಥವಾ ಧ್ವನಿವರ್ಧಕ ಸದ್ದು ಮಾಡಿ ಅವನ ಮಾತು ಕೇಳಿಸದಂತೆ ಮಾಡುವುದು ನಿಯಮಕ್ಕೆ ವಿರುದ್ಧ. ಆದ್ದರಿಂದ ವಾದ್ಯ ನಿಂತ ಕ್ಷಣದಲ್ಲಿ ಗಂಟಲುಗಳು ಎತ್ತಿಕೊಳ್ಳಬೇಕು. ಅಕ್ಕಪಕ್ಕದಲ್ಲಿದ್ದರೆ ಆ ಕೈಬದಲು ತಾನಾಗಿಯೇ ಆಗುತ್ತದೆ. ಒಂದೇ ಗುಂಪಾಗಿ ಕೂರುವುದರ ಸೊಗಸನ್ನು ಇಲ್ಲಿಯವರು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಓಹಾಯೋ ಸ್ಟೇಟ್‌ನ ‘ಬ್ಲಾಕ್ ಓ’ ಎಂಬ ವಿದ್ಯಾರ್ಥಿ ಗುಂಪು 1938ರಿಂದ ಇದೆ. ಬಣ್ಣದ ರಟ್ಟುಗಳನ್ನು ಎತ್ತಿ ಅಕ್ಷರ, ಚಿತ್ರ ಮೂಡಿಸುವ ಆಟ ಅದಕ್ಕೂ ಹಳೆಯದು. 1961ರ ಜನವರಿ 2ರ ರೋಸ್ ಬೌಲ್ ಪಂದ್ಯದಲ್ಲಿ ಪಂದ್ಯದಲ್ಲಿ ಆಡದೇ ಇದ್ದ ಕ್ಯಾಲ್‌ಟೆಕ್ ಎಂಬ ತಾಂತ್ರಿಕ ಸಂಸ್ಥೆಯ ವಿದ್ಯಾರ್ಥಿಗಳು ವಾಷಿಂಗ್ಟನ್‌ನವರ ರಟ್ಟಿನ ಗುಂಪಿಗೆ ಹೋಗಬೇಕಿದ್ದ 2,232 ಸೂಚನಾ ಹಾಳೆಗಳನ್ನು ಗುಟ್ಟಾಗಿ ಬದಲಿಸಿದರು. ದೇಶವೆಲ್ಲ ಟಿ.ವಿ.ಯಲ್ಲಿ ನೋಡುತ್ತಿರುವಾಗ ಗ್ಯಾಲರಿಯಲ್ಲಿ ಕ್ಯಾಲ್‌ಟೆಕ್ ಎಂಬ ಹೆಸರು ಮೂಡಿತು. ಚದುರಿ ಕುಳಿತ ಜನರಿಂದ ಇಂಥದ್ದು ಆಗುವ ಮಾತೇ ಇಲ್ಲ.

ಪ್ರೆಸ್ ಬಾಕ್ಸ್‌ಗೆ ಎದುರು ಬದಿ ಏಕೆ? ಟಿ.ವಿ.ಯ ಮುಖ್ಯ ಕ್ಯಾಮೆರಾಗಳು ಪ್ರೆಸ್ ಬಾಕ್ಸ್ ಇರುವ ಬದಿಯಲ್ಲಿರುತ್ತವೆ. ಹಾಗಾಗಿ ಮನೆಯಲ್ಲಿ ನೋಡುವವರಿಗೆ ಸದಾ ಕಾಣುವುದು ಎದುರು ಗ್ಯಾಲರಿ. ಅದು ತುಂಬಿ ತುಳುಕುತ್ತಿದ್ದರೆ ವಿಶ್ವವಿದ್ಯಾಲಯಕ್ಕೆ ಅದಕ್ಕಿಂತ ಒಳ್ಳೆಯ ಜಾಹೀರಾತಿಲ್ಲ. ಈ ಮಾತು ಕ್ರೀಡಾ ವಿಭಾಗದವರಿಗೆ ತಟ್ಟನೆ ನಾಟುತ್ತದೆ. ಆದರೆ ಇದಕ್ಕೆ ನೀವು ತೆರಬೇಕಾದ ಬೆಲೆಯೂ ಇದೆ. ಹೆಚ್ಚಿನ ಮೈದಾನಗಳು ಉತ್ತರ ದಕ್ಷಿಣವಾಗಿ ಮಲಗಿರುತ್ತವೆ, ಪ್ರೆಸ್ ಬಾಕ್ಸ್ ಪಶ್ಚಿಮದಲ್ಲಿರುತ್ತದೆ. ಅಂದರೆ ಎದುರಿನ ಪೂರ್ವ ಗ್ಯಾಲರಿಯವರ ಮುಖಕ್ಕೆ ಮಧ್ಯಾಹ್ನದ ಬಿಸಿಲು ನೇರವಾಗಿ ಹೊಡೆಯುತ್ತದೆ. ಸೆಪ್ಟೆಂಬರ್‌ನಲ್ಲಿ ಇದು ಆರೋಗ್ಯದ ವಿಷಯ. ಕುಡಿಯುವ ನೀರಿನ ನಲ್ಲಿಗಳು, ಬಾಟಲಿ ಒಳಗೆ ತರಲು ಅನುಮತಿ, ಪ್ರಥಮ ಚಿಕಿತ್ಸೆಯ ಕೋಣೆ ಇವು ಆ ಮೂಲೆಯ ಕೆಳಗೇ ಇರಬೇಕೆಂದು ಬರೆಸಿಕೊಳ್ಳಿ. ಟೆಕ್ಸಾಸ್ ಎ ಆ್ಯಂಡ್ ಎಂ ವಿದ್ಯಾರ್ಥಿಗಳು ಕೈಲ್ ಫೀಲ್ಡ್‌ನ ಪೂರ್ವ ಬದಿಯಲ್ಲಿ 30,000ಕ್ಕೂ ಹೆಚ್ಚು ಮಂದಿ ಆ ಬಿಸಿಲಲ್ಲಿ ಇಡೀ ಪಂದ್ಯ ನಿಂತೇ ನೋಡುತ್ತಾರೆ. 1922ರ ಜನವರಿ 2ರಂದು ಡಲ್ಲಾಸ್‌ನಲ್ಲಿ ತಂಡದ ಆಟಗಾರರು ಒಬ್ಬೊಬ್ಬರಾಗಿ ಗಾಯಗೊಂಡಾಗ ಇ. ಕಿಂಗ್ ಗಿಲ್ ಎಂಬ ವಿದ್ಯಾರ್ಥಿ ಗ್ಯಾಲರಿಯ ಕಡೆಯಿಂದ ಇಳಿದು ಬಂದು, ಸಮವಸ್ತ್ರ ತೊಟ್ಟು, ಕರೆದರೆ ಆಡಲು ಸಿದ್ಧನಾಗಿ ಕೊನೆಯವರೆಗೂ ನಿಂತಿದ್ದ. ‘ಹನ್ನೆರಡನೆಯ ಆಟಗಾರ’ ಎಂಬ ಅವರ ಹೆಮ್ಮೆ ಅಲ್ಲಿಂದ ಬಂದದ್ದು. ಉದ್ದದ ಬದಿಯನ್ನು ವಿದ್ಯಾರ್ಥಿಗಳಿಗೇ ಉಳಿಸಿಕೊಟ್ಟ ಆ ವಿಶ್ವವಿದ್ಯಾಲಯವನ್ನು ನಾನು ಗೌರವಿಸುತ್ತೇನೆ. ನಿಮ್ಮಲ್ಲಿ ಅಂಥ ನೂರು ವರ್ಷದ ಪದ್ಧತಿಯೂ ಅಷ್ಟು ದೊಡ್ಡ ಸಂಖ್ಯೆಯೂ ಇದ್ದಿದ್ದರೆ ಕದಲಬೇಡಿ ಎನ್ನುತ್ತಿದ್ದೆ.

ಸೀಟನ್ನು ಹೇಗೆ ಹಂಚುವುದು ಎಂಬುದು ಎಲ್ಲಿ ಎಂಬುದಕ್ಕಿಂತ ಕಡಿಮೆ ಮುಖ್ಯವಲ್ಲ. 2013ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯ ವಿದ್ಯಾರ್ಥಿಗಳ ನಿಗದಿತ ಸೀಟುಗಳನ್ನು ತೆಗೆದು, ಮೊದಲು ಬಂದವರಿಗೆ ಮುಂದಿನ ಸೀಟು ಎಂಬ ಪದ್ಧತಿ ತಂದಿತು. ತಡವಾಗಿ ಬರುವ ಚಾಳಿ ಬಿಡಿಸುವುದು ಅವರ ಉದ್ದೇಶ. ನಾಲ್ಕು ವರ್ಷ ಕಾದು ಮುಂದಿನ ಸಾಲಿನ ಹಕ್ಕು ಗಳಿಸಿದ್ದ ಹಿರಿಯ ವಿದ್ಯಾರ್ಥಿಗಳು ಸಿಟ್ಟಾದರು, ಮರುವರ್ಷವೇ ನಿಗದಿತ ಸೀಟುಗಳು ಮರಳಿದವು. ಅಲಬಾಮಾದಲ್ಲಿ 2019ರಲ್ಲಿ ಮೊಬೈಲ್ ಆ್ಯಪ್ ಮೂಲಕ ಯಾರು ನಾಲ್ಕನೇ ಕ್ವಾರ್ಟರ್‌ವರೆಗೆ ಉಳಿದರು ಎಂದು ಗುರುತಿಸಿ, ಉಳಿದವರಿಗೆ ದೊಡ್ಡ ಪಂದ್ಯಗಳ ಟಿಕೆಟ್‌ಗೆ ಅನುಕೂಲವಾಗುವ ಅಂಕ ಕೊಡತೊಡಗಿದರು. ಫೋನ್ ಎಲ್ಲಿದೆ ಎಂದು ನೋಡಿ ಯುವಕರನ್ನು ಸೀಟಿಗೆ ಕಟ್ಟಿಹಾಕುವುದು ನನಗೆ ಸರಿಕಾಣಲಿಲ್ಲ, ಈಗಲೂ ಕಾಣುವುದಿಲ್ಲ. ನನಗೆ ಮೆಚ್ಚುಗೆಯಾದದ್ದು ಟೆಕ್ಸಾಸ್ ಎ ಆ್ಯಂಡ್ ಎಂ ಕ್ರಮ. ಅಲ್ಲಿ ಪಂದ್ಯದ ವಾರ ಟಿಕೆಟ್ ಎತ್ತಲು ಸೋಮವಾರ ಕೊನೆಯ ವರ್ಷದವರು ಮತ್ತು ಸ್ನಾತಕೋತ್ತರದವರು, ಆಮೇಲಿನ ದಿನಗಳಲ್ಲಿ ಕಿರಿಯರು ಎಂದು ಸರದಿ ಇದೆ. ಗೆಳೆಯರೆಲ್ಲರ ಟಿಕೆಟನ್ನು ಒಬ್ಬರೇ ಒಟ್ಟಿಗೆ ಎತ್ತಬಹುದು. ಸ್ನಾತಕೋತ್ತರದವರನ್ನು ಹಿರಿಯರ ಜೊತೆ ಸೇರಿಸಿದ್ದನ್ನು ಗಮನಿಸಿ. ನಮ್ಮ ಕಡೆಯಿಂದ ಬರುವವರಲ್ಲಿ ಹೆಚ್ಚಿನವರು ಎರಡೇ ವರ್ಷ ಇಲ್ಲಿರುವವರು. ವರ್ಷದ ಲೆಕ್ಕದಲ್ಲಿ ಅವರಿಗೆ ಮುಂದಿನ ಸಾಲು ಎಂದಿಗೂ ಬರುವುದಿಲ್ಲ. ಸಮಿತಿಯಲ್ಲಿ ನಿಮ್ಮಂಥವರು ಹೇಳದಿದ್ದರೆ ಇದನ್ನು ಬೇರೆ ಯಾರೂ ಎತ್ತುವುದಿಲ್ಲ.

ಇನ್ನು ನನ್ನ ನಿದ್ದೆ ಕೆಡಿಸುವ ವಿಷಯಕ್ಕೆ ಬರುತ್ತೇನೆ. 1993ರ ಅಕ್ಟೋಬರ್ 30ರಂದು ಮ್ಯಾಡಿಸನ್‌ನ ಕ್ಯಾಂಪ್ ರ್‍ಯಾಂಡಲ್ ಕ್ರೀಡಾಂಗಣದಲ್ಲಿ ವಿಸ್ಕಾನ್ಸಿನ್ ತಂಡ ಮಿಶಿಗನ್ ತಂಡವನ್ನು 13-10ರಿಂದ ಸೋಲಿಸಿತು. ವಿದ್ಯಾರ್ಥಿಗಳು ಖುಷಿಯಿಂದ ಮೈದಾನಕ್ಕೆ ಇಳಿಯಲು ಹೊರಟರು. ಮೇಲಿನ ಸಾಲಿನವರಿಗೆ ಕೆಳಗೆ ಕಂಬಿಬೇಲಿಗೆ ಒತ್ತಿಕೊಂಡು ಉಸಿರಾಡಲಾಗದೆ ನಿಂತವರು ಕಾಣಿಸಲಿಲ್ಲ. ಬೇಲಿ ಮುರಿಯಿತು, 70ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಆಗಷ್ಟೇ ಪಂದ್ಯ ಗೆದ್ದ ಆಟಗಾರರೇ ಓಡಿ ಬಂದು ರಾಶಿಯಿಂದ ಹುಡುಗ ಹುಡುಗಿಯರನ್ನು ಎಳೆದು ತೆಗೆದರು. ಯಾರೂ ಸಾಯದೆ ಉಳಿದದ್ದು ದೊಡ್ಡ ಪುಣ್ಯ. ನಮಗೆ ಆ ಪುಣ್ಯ ಇರಲಿಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹೊರಗೆ ನೂಕುನುಗ್ಗಲಿನಲ್ಲಿ 11 ಮಂದಿ ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ನಿಮ್ಮ ವಯಸ್ಸಿನ ಆಸುಪಾಸಿನವರು. ಒಳಗೆ ಎಷ್ಟು ಜನ ಹಿಡಿಸುತ್ತಾರೆ ಎಂಬ ಲೆಕ್ಕ ಮಾಡಿದರೆ ಸಾಲದು. ಗೇಟಿನ ಮುಂದೆ ಎಷ್ಟು ಜನ ಸೇರುತ್ತಾರೆ, ಅವರು ಯಾವ ದಾರಿಯಲ್ಲಿ ಹಿಂದೆ ಸರಿಯಬಹುದು ಎಂಬ ಲೆಕ್ಕವೂ ಬೇಕು.

ನಾನು ನಿಮಗೆ ಮೂಲೆಯನ್ನು, ಅದರಲ್ಲೂ ಮೊದಲ ಸಾಲಿನಿಂದ, ಕೇಳಲು ಹೇಳುತ್ತಿದ್ದೇನೆ. ಅಪಾಯ ಹೆಚ್ಚಿರುವುದೂ ಅಲ್ಲಿಯೇ. ಗೋಲ್ ಕಂಬ ಪಕ್ಕದಲ್ಲಿದೆ, ಗೆದ್ದ ರಾತ್ರಿ ಅದನ್ನು ಕೀಳುವ ಹುಚ್ಚೂ ಇಲ್ಲಿದೆ. 2022ರಲ್ಲಿ ಟೆನ್ನೆಸ್ಸೀ ತಂಡ ಅಲಬಾಮಾವನ್ನು 52-49ರಿಂದ ಸೋಲಿಸಿದ ದಿನ ಕಂಬಗಳು ಟೆನ್ನೆಸ್ಸೀ ನದಿಯ ಪಾಲಾದವು. ಆ ತಂಡಗಳ ಒಕ್ಕೂಟ ಈಗ ಪ್ರೇಕ್ಷಕರು ಮೈದಾನಕ್ಕೆ ನುಗ್ಗಿದರೆ ಪ್ರತಿ ಸಲಕ್ಕೂ 5 ಲಕ್ಷ ಡಾಲರ್ ದಂಡ ಹಾಕುತ್ತದೆ. ದಂಡದಿಂದ ಗುಂಪು ನಿಲ್ಲುತ್ತದೆ ಎಂದು ನಾನು ನಂಬುವುದಿಲ್ಲ, ಕಟ್ಟಡದಿಂದ ಗುಂಪಿನ ಜೀವ ಉಳಿಸಬಹುದು ಎಂದು ನಂಬುತ್ತೇನೆ. ಮುಂದಿನ ಗೋಡೆಯಲ್ಲಿ ಹೊರಮುಖವಾಗಿ ತೆರೆಯುವ ಅಗಲವಾದ ಗೇಟುಗಳಿರಲಿ, ಒತ್ತಡ ಬಿದ್ದಾಗ ಸಿಬ್ಬಂದಿ ಅವನ್ನು ತಕ್ಷಣ ತೆರೆಯುವ ಅಧಿಕಾರ ಹೊಂದಿರಲಿ. ಪಂದ್ಯ ಮುಗಿಯುತ್ತಲೇ ಮಡಚಿ ಇಳಿಸಬಹುದಾದ ಗೋಲ್ ಕಂಬಗಳು ಸಿಗುತ್ತವೆ, ಅವನ್ನೇ ಹಾಕಿಸಲಿ. ಬೆಂಚುಗಳ ವಿಷಯವನ್ನೂ ಮರೆಯಬೇಡಿ. ಇಲ್ಲಿಯ ಗ್ಯಾಲರಿಯಲ್ಲಿ ಒಬ್ಬರಿಗೆ ಸಾಮಾನ್ಯವಾಗಿ 18 ಇಂಚು, ಅಂದರೆ ಸುಮಾರು 46 ಸೆಂಟಿಮೀಟರ್ ಅಗಲದ ಬೆಂಚಿನ ಜಾಗ. ವಿದ್ಯಾರ್ಥಿಗಳು ಕೂರುವುದಿಲ್ಲ, ಬೆಂಚಿನ ಮೇಲೆ ಹತ್ತಿ ನಿಲ್ಲುತ್ತಾರೆ. ಒಬ್ಬ ಜಾರಿದರೆ ಮುಂದಿನ ನಾಲ್ಕು ಸಾಲು ಒಂದರ ಮೇಲೊಂದು ಬೀಳುತ್ತದೆ. ನಿಂತೇ ನೋಡುವವರ ಜಾಗ ಎಂದು ಒಪ್ಪಿಕೊಂಡು, ಪ್ರತಿ ಸಾಲಿಗೂ ಎದೆಯ ಕೆಳಮಟ್ಟದ ಕಂಬಿ ಹಾಕಿಸುವುದು ಜಾಣತನ. ಎದುರಾಳಿ ತಂಡದ ಬೆಂಚಿನ ಬೆನ್ನಿಗೆ ಮಾತ್ರ ವಿದ್ಯಾರ್ಥಿಗಳನ್ನು ಕೂರಿಸಬೇಡಿ. 20 ಯಾರ್ಡ್ ಗೆರೆಗೇ ನಿಲ್ಲಿಸಿ ಎಂದಿದ್ದಕ್ಕೆ ಇದೂ ಒಂದು ಕಾರಣ.

ಸಂಖ್ಯೆಯ ಬಗ್ಗೆ ಒಂದು ಎಚ್ಚರಿಕೆ. ಹೆಚ್ಚು ಸೀಟು ಕೇಳುವುದೇ ಗೆಲುವು ಎಂದು ವಿದ್ಯಾರ್ಥಿ ಸಂಘಗಳು ಭಾವಿಸುತ್ತವೆ. ಖಾಲಿ ಬಿದ್ದ ಸೀಟು ಮುಂದಿನ ವರ್ಷ ನಿಮ್ಮ ವಿರುದ್ಧವೇ ಸಾಕ್ಷಿ ಹೇಳುತ್ತದೆ. ಜಾರ್ಜಿಯಾ ವಿಶ್ವವಿದ್ಯಾಲಯ 2013ರಲ್ಲಿ ವಿದ್ಯಾರ್ಥಿಗಳ ಭಾಗದಿಂದ ಸುಮಾರು 2,000 ಸೀಟುಗಳನ್ನು ತೆಗೆದು ಇತ್ತೀಚೆಗೆ ಪದವಿ ಪಡೆದವರಿಗೆ ಕೊಟ್ಟಿತು; ಕಾರಣ, ವಿದ್ಯಾರ್ಥಿಗಳು ಬರುತ್ತಿರಲಿಲ್ಲ. ಆದ್ದರಿಂದ ಮಾರಾಟವಾದ ಟಿಕೆಟ್‌ಗಳ ಲೆಕ್ಕವನ್ನು ಬದಿಗಿಟ್ಟು, ಗೇಟಿನಲ್ಲಿ ಸ್ಕ್ಯಾನ್ ಆದ ಟಿಕೆಟ್‌ಗಳ ಲೆಕ್ಕವನ್ನು ಪಂದ್ಯವಾರು ಕೇಳಿ ತೆಗೆದುಕೊಳ್ಳಿ. ದುರ್ಬಲ ಎದುರಾಳಿಯ ಪಂದ್ಯಕ್ಕೆ ಎಷ್ಟು ಜನ ಬಂದರು, ದೊಡ್ಡ ಪಂದ್ಯಕ್ಕೆ ಎಷ್ಟು ಎಂದು ಎರಡನ್ನೂ ನೋಡಿ, ನಡುವಿನ ಸಂಖ್ಯೆಗೆ ಶಾಶ್ವತ ಜಾಗ ಕೇಳಿ. ದೊಡ್ಡ ಪಂದ್ಯಕ್ಕೆ ಪಕ್ಕದ ಒಂದು ಭಾಗ ವಿದ್ಯಾರ್ಥಿಗಳಿಗೆ ತೆರೆದುಕೊಳ್ಳುವಂತೆ ಒಪ್ಪಂದ ಮಾಡಿಕೊಳ್ಳಿ.

ನೀವು ಬಿಟ್ಟುಕೊಡುತ್ತಿರುವುದು ಬಹಳ ಬೆಲೆಬಾಳುವ ಜಾಗ. ಅದಕ್ಕೆ ಪ್ರತಿಯಾಗಿ ಏನು ಸಿಗುತ್ತದೆ ಎಂದು ಕೇಳಲು ಸಂಕೋಚ ಬೇಡ. ಮಧ್ಯಗೆರೆಯ ಸೀಟುಗಳಿಂದ ಬರುವ ಹೆಚ್ಚುವರಿ ಹಣ ಎಷ್ಟು ಎಂದು ಕೇಳಿ. ಅದರಲ್ಲಿ ಒಂದು ಪಾಲು ವಿದ್ಯಾರ್ಥಿಗಳ ಟಿಕೆಟ್ ದರ ಇಳಿಸಲು ಹೋಗಬೇಕು, ಮೂಲೆಯ ಗೇಟು, ಕಂಬಿ, ನೀರಿನ ಕೆಲಸ ಮೊದಲ ಪಂದ್ಯಕ್ಕೆ ಮುಂಚೆ ಮುಗಿಯಬೇಕು, ಆ ಜಾಗವನ್ನು ಇಂತಿಷ್ಟು ವರ್ಷ ಮುಟ್ಟುವುದಿಲ್ಲ ಎಂದು ಬರಹದಲ್ಲಿರಬೇಕು. ಬಾಯಿಮಾತಿನ ಭರವಸೆ ನೀಡಿದ ನಿರ್ದೇಶಕರು ಎರಡು ವರ್ಷದಲ್ಲಿ ಬೇರೆ ವಿಶ್ವವಿದ್ಯಾಲಯಕ್ಕೆ ಹೋಗಿರುತ್ತಾರೆ. ನೀವೂ ಪದವಿ ಪಡೆದು ಹೊರಟಿರುತ್ತೀರಿ. ಒಂದು ಯೋಜನೆಯಲ್ಲಿ ನಾನು ಇದನ್ನು ಕಣ್ಣಾರೆ ಕಂಡೆ. ವಿದ್ಯಾರ್ಥಿಗಳಿಗೆ ಮಾತು ಕೊಟ್ಟಿದ್ದ ಮೂಲೆಯ ಕೆಳಗಿನ 12 ಸಾಲುಗಳು ಮೂರನೇ ವರ್ಷ ಮೆತ್ತೆ ಹಾಕಿದ ಕುರ್ಚಿಗಳಾಗಿ ಮಾರಾಟವಾದವು. ನನ್ನ ನಕ್ಷೆಯಲ್ಲಿ ‘ವಿದ್ಯಾರ್ಥಿಗಳು’ ಎಂದು ಬರೆದಿದ್ದ ಪದವನ್ನು ಬಿಟ್ಟರೆ ಅವರ ಪರವಾಗಿ ಎಲ್ಲಿಯೂ ಒಂದು ಸಾಲು ಇರಲಿಲ್ಲ.

ಸಭೆಗೆ ಮೊದಲು ಇನ್ನೊಂದು ಕೆಲಸ ಮಾಡಿ. ಪಂದ್ಯವಿಲ್ಲದ ದಿನ ಅನುಮತಿ ಪಡೆದು ಆ ಮೂಲೆಗೆ ಹೋಗಿ. ವಿರೋಧಿಸುವ ಗೆಳೆಯರನ್ನೂ ಕ್ರೀಡಾ ವಿಭಾಗದ ಒಬ್ಬರನ್ನೂ ಜೊತೆಗೆ ಕರೆದುಕೊಳ್ಳಿ. ಒಬ್ಬರು 3 ಯಾರ್ಡ್ ಗೆರೆಯಲ್ಲಿ ನಿಂತು ಮಾತಾಡಲಿ, ಉಳಿದವರು ಮೊದಲ ಸಾಲಿನಿಂದ, ಮೂವತ್ತನೇ ಸಾಲಿನಿಂದ, ಮೇಲಂತಸ್ತಿನಿಂದ ಕೇಳಿಸಿಕೊಳ್ಳಲಿ. ಆಮೇಲೆ ಎಲ್ಲರೂ ಕೆಳಗಿಳಿದು ಮುಂದಿನ ಗೇಟಿನ ಅಗಲವನ್ನು ಟೇಪ್ ಹಿಡಿದು ಅಳೆಯಿರಿ. ಅಳತೆಗಳನ್ನೂ ಸ್ಕ್ಯಾನ್ ಲೆಕ್ಕಗಳನ್ನೂ ನನಗೆ ಕಳುಹಿಸಿದರೆ ಎಷ್ಟು ಸಾಲು, ಎಷ್ಟು ಗೇಟು, ಎಷ್ಟು ಮಂದಿ ಎಂಬ ನಕ್ಷೆಯನ್ನು ನಾನೇ ಬರೆದುಕೊಡುತ್ತೇನೆ.